ಒಂದೇ ಕಾಂಜಿ, ಹಲವು ಓದು: ಯಾವುದನ್ನು ಎಲ್ಲಿ ಓದಬೇಕು?

ರಾಯಚೂರಿನಲ್ಲಿ ಆಟೋದವನ ಕೈಗೆ ‘3 ಕಂದೀಲ್’ ಎಂದು ಜಾಗದ ಹೆಸರು ಬರೆದ ಚೀಟಿ ಕೊಡಿ, ‘ತೀನ್ ಕಂದೀಲ್’ ಎಂದೇ ಓದುತ್ತಾನೆ. ಅದೇ ಅಂಕಿ ‘3 ಕೆಜಿ’ಯಲ್ಲಿ ಮೂರು, ತೆಲುಗು ಮನೆಯಲ್ಲಿ ಮೂಡು. ಜಪಾನೀ ಬರಹದಲ್ಲಿ ಬಳಸುವ ಚೀನೀ ಮೂಲದ ಅಕ್ಷರ ಕಾಂಜಿಯೂ ಹೀಗೆಯೇ: ಗುರುತು ಅರ್ಥ ಹೇಳುತ್ತದೆ, ಉಚ್ಚಾರವನ್ನು ಪದ ತೀರ್ಮಾನಿಸುತ್ತದೆ.

ಜಪಾನಿಗೆ ಲಿಪಿ ಬಂದದ್ದು ಚೀನಾದಿಂದ, ಜೊತೆಗೆ ಚೀನೀ ಪದಗಳೂ ಬಂದವು. ಹಾಗಾಗಿ ನಾಡಮಾತಿನ ಓದು ‘ಕುನ್’, ಚೀನೀ ಮೂಲದ್ದು ‘ಓನ್’. ಮೂರು ಅಡ್ಡಗೆರೆಯ ಕಾಂಜಿ ಎಂದರೆ ಮೂರು. ಮಿತ್ಸುಬಿಷಿಯಲ್ಲಿ ಅದು ‘ಮಿತ್ಸು’, ಮಾರ್ಚ್ ತಿಂಗಳ ಹೆಸರು ‘ಸಂಗತ್ಸು’ವಿನಲ್ಲಿ ‘ಸನ್’.

ಓನ್ ಕೂಡ ಒಂದೇ ಇರಬೇಕೆಂದಿಲ್ಲ. 5–6ನೇ ಶತಮಾನದಲ್ಲಿ ಒಂದು ಉಚ್ಚಾರ ಬಂತು. 7–8ನೇ ಶತಮಾನದಲ್ಲಿ ಚೀನಾದ ತಾಂಗ್ ರಾಜವಂಶದ ರಾಜಧಾನಿ ಚಾಂಗಾನ್‌ನಿಂದ ಇನ್ನೊಂದು. ಆಮೇಲೆ ಝೆನ್ ಭಿಕ್ಷುಗಳು, ವ್ಯಾಪಾರಿಗಳು ಮತ್ತೊಂದು ತಂದರು. ಹಳೆಯದನ್ನು ಯಾರೂ ಕೈಬಿಡಲಿಲ್ಲ. ‘ಹೋಗು’ ಎಂಬ ಕಾಂಜಿ ಮೆರವಣಿಗೆಯಲ್ಲಿ ‘ಗ್ಯೋರೆತ್ಸು’, ಬ್ಯಾಂಕಿನಲ್ಲಿ ‘ಗಿಂಕೋ’, ಕಾಗದದ ದೀಪದಲ್ಲಿ ‘ಅಂದೊನ್’. ಗ್ಯೋ, ಕೋ, ಅನ್: ಮೂರು ಕಾಲದ ಮೂರು ಓನ್.

ಓದುವಾಗ ಮೊದಲು ಕಾಂಜಿಯ ಬಾಲ ನೋಡಿ. ಉಚ್ಚಾರವನ್ನೇ ಬರೆಯುವ ಜಪಾನೀ ಲಿಪಿ ಹಿರಗಾನ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಕುನ್, ನಾವು ‘3ನೇ’ಯ ‘ನೇ’ ನೋಡಿ ‘ಮೂರನೇ’ ಎಂದು ಓದಿದಂತೆ. ‘ತಿನ್ನು’ ಕಾಂಜಿಗೆ ‘ಬೆರು’ ಸೇರಿದರೆ ‘ತಬೆರು’. ಬಾಲವಿಲ್ಲದೆ ಒಂಟಿಯಾಗಿದ್ದರೂ ಹೆಚ್ಚಾಗಿ ಕುನ್. ಎರಡು ಕಾಂಜಿ ಜೋಡಿಯಾಗಿದ್ದರೆ ಮೊದಲು ಓನ್ ಪ್ರಯತ್ನಿಸಿ: ಅದೇ ‘ತಿನ್ನು’ ಆಗ ‘ಶೊಕು’, ಜೋಡಿಪದ ‘ಶೊಕುಜಿ’, ಅಂದರೆ ಊಟ.

ಜೋಡಿಯಲ್ಲೇ ಎಡವುವುದು ಜಾಸ್ತಿ. ಪತ್ರಕ್ಕಿರುವ ‘ತೆಗಮಿ’ ಪೂರ್ತಿ ಕುನ್. ಅಡುಗೆಮನೆಯ ‘ದೈದೊಕೊರೊ’ ಅರ್ಧ ಓನ್, ಅರ್ಧ ಕುನ್. ‘ಇಂದು’ ಎಂಬ ‘ಕ್ಯೋ’ವನ್ನಂತೂ ಎರಡು ಕಾಂಜಿಗೆ ಪಾಲು ಮಾಡಲಾಗದು. ‘ತೆ’ಗೆ ‘ಕಮಿ’ ಸೇರಿ ‘ತೆಗಮಿ’ ಆದದ್ದು ಹೊಸ ಓದಲ್ಲ. ಮಳೆ, ಕಾಲ ಸೇರಿ ಮಳೆಗಾಲವಾಗುವ ಆದೇಶ ಸಂಧಿ ಬಲ್ಲವರಿಗೆ ಇದು ಸಲೀಸು.

ನಿಘಂಟಿನಲ್ಲಿ ಓನ್ ಸಾಮಾನ್ಯವಾಗಿ ಇನ್ನೊಂದು ಉಚ್ಚಾರ ಲಿಪಿಯಾದ ಕತಕಾನದಲ್ಲಿ, ಕುನ್ ಹಿರಗಾನದಲ್ಲಿ ಇರುತ್ತದೆ. ಹಲವು ನಿಘಂಟುಗಳಲ್ಲಿ ಕುನ್ ನಡುವಿನ ಚುಕ್ಕಿಯ ಆಚೆಗಿನದು ಬಾಲ. ನಿಘಂಟಿನ ಆ ಓದುಗಳ ಪಟ್ಟಿಯನ್ನು ಮಗ್ಗಿಯಂತೆ ಉರು ಹೊಡೆಯಬೇಡಿ: ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲೇ 2,136 ಕಾಂಜಿಗಳಿವೆ, ಉರು ಹೊಡೆದ ಓದು ವಾಕ್ಯದಲ್ಲಿ ಕೈಕೊಡುತ್ತದೆ. ಪ್ರತಿ ಕಾಂಜಿಗೆ ಒಂದು ಕುನ್ ಪದ, ಎರಡು ಜೋಡಿಪದ ಇಡಿಯಾಗಿ ಬರೆದುಕೊಳ್ಳಿ, ಸಾಕು.

ವ್ಯಕ್ತಿಗಳ ಹೆಸರನ್ನು ಮಾತ್ರ ಊಹಿಸಬೇಡಿ, ಕೇಳಿ. ಜಪಾನಿನ ಅರ್ಜಿಗಳಲ್ಲೂ ಹೆಸರಿನ ಮೇಲೆ ಉಚ್ಚಾರ ಬರೆಯಲು ‘ಫುರಿಗಾನ’ ಎಂಬ ಸಾಲು ಬಿಟ್ಟಿರುತ್ತಾರೆ.