ಯುರೋಪಿನಲ್ಲಿ ಕಾರಿನಲ್ಲಿ ಗಡಿ ದಾಟುವ ಮುನ್ನ ಫೋನಿನಲ್ಲಿ ಏನೇನು ನೋಡಬೇಕು?

ಮ್ಯೂನಿಕ್‌ನಿಂದ ಬೆಲ್‌ಗ್ರೇಡ್‌ಗೆ ಕಾರಿನಲ್ಲಿ ಹೊರಟರೆ ನಾಲ್ಕು ಗಡಿ ದಾಟಬೇಕು. ಜರ್ಮನಿಯಿಂದ ಆಸ್ಟ್ರಿಯಾ, ಅಲ್ಲಿಂದ ಸ್ಲೊವೇನಿಯಾ, ಆಮೇಲೆ ಕ್ರೊಯೇಷಿಯಾ, ಕೊನೆಗೆ ಸರ್ಬಿಯಾ. ಫೋನಿನ ಮ್ಯಾಪ್‌ನಲ್ಲಿ ನಾಲ್ಕೂ ಒಂದೇ ಥರದ ಗೆರೆ. ಆದರೆ ಹೋಗುವಾಗ ಮೊದಲ ಮೂರನ್ನು ದಾಟಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಾಲ್ಕನೆಯದು ಅರ್ಧ ದಿನವನ್ನೇ ತಿಂದುಬಿಡಬಹುದು.

ಶಿವಮೊಗ್ಗದಿಂದ ಬಂದಿದ್ದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಒಂದು ಆಗಸ್ಟ್ ಶನಿವಾರ ನಾವು ಹೀಗೆ ಹೊರಟಿದ್ದೆವು. ಮ್ಯಾಪ್ ತೋರಿಸಿದ ದಾರಿಯಲ್ಲೇ ಹೋಗಿ ಗಡಿ ಸಾಲಿನಲ್ಲಿ ಮೂರೂವರೆ ಗಂಟೆ ಕಳೆದೆವು. ಬಿಸಿಲು, ನೆರಳಿಲ್ಲ, ಅಮ್ಮನಿಗೆ ಮಂಡಿ ನೋವು. ಸಾಲು ಎಷ್ಟಿದೆ ಎಂದು ಆ ದಿನ ಬೆಳಗ್ಗೆಯೇ ಫೋನಿನಲ್ಲಿ ನೋಡಬಹುದಿತ್ತು. ಎಲ್ಲಿ ನೋಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಭಾರತದ ಪಾಸ್‌ಪೋರ್ಟ್ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಹೆಜ್ಜೆ 1: ಯಾವ ಗೆರೆ ನಿಜವಾದ ಗಡಿ ಎಂದು ಗುರುತಿಸಿ

ಸಾಲು ತೋರಿಸುವ ಆ್ಯಪ್ ಆಮೇಲೆ. ಮೊದಲು ನಿಮ್ಮ ದಾರಿಯ ದೇಶಗಳನ್ನು ಒಂದು ನೋಟ್‌ನಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಷೆಂಗೆನ್ ಒಳಗೋ ಹೊರಗೋ ಎಂದು ಗುರುತು ಹಾಕಿ. ಷೆಂಗೆನ್ ಲಕ್ಸೆಂಬರ್ಗ್‌ನ ಒಂದು ಪುಟ್ಟ ಊರಿನ ಹೆಸರು. ತಮ್ಮ ನಡುವಿನ ಗಡಿಯಲ್ಲಿ ತಪಾಸಣೆ ಬೇಡ ಎಂಬ ಒಪ್ಪಂದಕ್ಕೆ 1985ರಲ್ಲಿ ಐದು ದೇಶಗಳು ಸಹಿ ಹಾಕಿದ್ದು ಅಲ್ಲಿ. ಈಗ 29 ದೇಶಗಳಿವೆ. ಕ್ರೊಯೇಷಿಯಾ 2023ರ ಜನವರಿ 1ರಂದು ಸೇರಿತು. ರೊಮೇನಿಯಾ ಮತ್ತು ಬಲ್ಗೇರಿಯಾದ ರಸ್ತೆ ಗಡಿಗಳು 2025ರ ಜನವರಿ 1ರಂದು ತೆರೆದವು. ಹಳೆಯ ಪ್ರವಾಸ ಕಥನ ಓದಿ ಯೋಜನೆ ಹಾಕುವವರು ಎಡವುವುದು ಇಲ್ಲೇ.

ಯುರೋಪಿಯನ್ ಯೂನಿಯನ್ ಮತ್ತು ಷೆಂಗೆನ್ ಎರಡೂ ಒಂದೇ ಅಲ್ಲ. ಐರ್ಲೆಂಡ್ ಯೂನಿಯನ್‌ನಲ್ಲಿದೆ, ಷೆಂಗೆನ್‌ನಲ್ಲಿಲ್ಲ. ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದೆ, ಯೂನಿಯನ್‌ನಲ್ಲಿಲ್ಲ. ಸರ್ಬಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ ಎರಡರಲ್ಲೂ ಇಲ್ಲ.

ಇದರಲ್ಲಿ ಒಂದು ಜಾಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಹೋಗುವವರು ತುಂಬ ಜನ. ಎರಡೂ ಒಂದೇ ದೇಶದ ಊರುಗಳು. ಆದರೆ ಹಳೆಯ ಕರಾವಳಿ ರಸ್ತೆ ನಡುವೆ ನೆಯುಮ್ ಎಂಬಲ್ಲಿ ಬೋಸ್ನಿಯಾದೊಳಗೆ ಹೊಕ್ಕು ಹೊರಬರುತ್ತದೆ. ನಿಮ್ಮದು ಒಂದೇ ಸಲ ಒಳಗೆ ಬರಲು ಅವಕಾಶವಿರುವ ಷೆಂಗೆನ್ ವೀಸಾ ಆಗಿದ್ದರೆ, ನೆಯುಮ್‌ಗೆ ಕಾಲಿಟ್ಟ ಕೂಡಲೇ ಷೆಂಗೆನ್‌ನಿಂದ ಹೊರಬಿದ್ದಂತೆ. ಮತ್ತೆ ಒಳಗೆ ಬಿಡುವುದಿಲ್ಲ. 2022ರ ಜುಲೈನಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಈ ತುಂಡನ್ನು ಪೂರ್ತಿ ತಪ್ಪಿಸಬಹುದು. ಮ್ಯಾಪ್ ನೋಡುವುದು ನಿಮಿಷಗಳ ಲೆಕ್ಕ, ವೀಸಾ ಅಲ್ಲ. ಆದ್ದರಿಂದ ದಾರಿಯ ನಡುವೆ ಸೇತುವೆಯನ್ನು ಒಂದು ನಿಲ್ದಾಣವಾಗಿ ನೀವೇ ಸೇರಿಸಿ. ನನ್ನ ಮಟ್ಟಿಗೆ ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ವೀಸಾ ಸ್ಟಿಕ್ಕರ್ ಮೇಲೆ ಎಷ್ಟು ಸಲ ಒಳಬರಬಹುದು ಎಂಬ ಜಾಗದಲ್ಲಿ 01, 02 ಅಥವಾ 'ಮಲ್ಟ್' ಎಂದಿರುತ್ತದೆ. ಹೊರಡುವ ಮುಂಚೆ ಅದನ್ನೊಮ್ಮೆ ಕಣ್ಣಾರೆ ನೋಡಿ. ಆಗ್ನೇಯ ಯುರೋಪಿನ ಹಲವು ಬಾಲ್ಕನ್ ದೇಶಗಳು ಷೆಂಗೆನ್‌ನ ಮಲ್ಟಿಪಲ್ ವೀಸಾ ಅಥವಾ ವಾಸದ ಪರವಾನಗಿ ಇದ್ದವರನ್ನು ಬೇರೆ ವೀಸಾ ಇಲ್ಲದೆ ಬಿಟ್ಟುಕೊಳ್ಳುತ್ತವೆ. ಷರತ್ತು ಒಂದೊಂದು ದೇಶಕ್ಕೆ ಒಂದೊಂದು. ಅದನ್ನು ಆಯಾ ದೇಶದ ವಿದೇಶಾಂಗ ಸಚಿವಾಲಯದ ವೆಬ್‌ಸೈಟ್‌ನಲ್ಲೇ ಓದಿ, ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ತಪಾಸಣೆ ಇಲ್ಲ ಅಂದರೆ ಗಡಿಯೇ ಇಲ್ಲ ಎಂದೂ ಅಲ್ಲ. ಐರ್ಲೆಂಡ್‌ನ ಡಬ್ಲಿನ್‌ನಿಂದ ಬ್ರಿಟನ್‌ಗೆ ಸೇರಿದ ಬೆಲ್‌ಫಾಸ್ಟ್‌ಗೆ ಹೋಗುವ ರಸ್ತೆಯಲ್ಲಿ ಸಾಮಾನ್ಯವಾಗಿ ಯಾರೂ ನಿಲ್ಲಿಸುವುದಿಲ್ಲ. ಆದರೂ ಐರ್ಲೆಂಡ್‌ನಲ್ಲಿ ಕೆಲಸದಲ್ಲಿರುವ ಭಾರತೀಯರಿಗೆ ಆ ಕಡೆ ಹೋಗಲು ಬ್ರಿಟನ್ ವೀಸಾ ಬೇಕು. ವಾರಾಂತ್ಯಕ್ಕೆ ಸುಮ್ನೆ ಹೋಗಿಬರೋಣ ಎಂದು ಹೊರಡುವ ಗೆಳೆಯರಿಗೆ ಇದನ್ನು ಹೇಳುತ್ತಲೇ ಇರುತ್ತೇನೆ.

ಹೆಜ್ಜೆ 2: ದಿನಗಳನ್ನು ಎಣಿಸಿ

ಊರಿಂದ ಬಂದ ಅಪ್ಪ ಅಮ್ಮ ಇದ್ದರೆ ಇದು ತುಂಬ ಮುಖ್ಯ. ಚಿಕ್ಕ ಅವಧಿಯ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಷೆಂಗೆನ್ ಒಳಗೆ ಇರಬಹುದು. ವೀಸಾದಲ್ಲೇ ಅದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅಷ್ಟೇ. ಯುರೋಪಿಯನ್ ಕಮಿಷನ್‌ನ ವೆಬ್‌ಸೈಟ್‌ನಲ್ಲಿ ಇದಕ್ಕೊಂದು ಉಚಿತ ಕ್ಯಾಲ್ಕುಲೇಟರ್ ಇದೆ. ಫೋನಿನಲ್ಲೂ ತೆರೆಯುತ್ತದೆ.

ಒಂದು ಉದಾಹರಣೆ. ಅಮ್ಮ ಏಪ್ರಿಲ್ 1ಕ್ಕೆ ಬಂದು ಮೇ 30ಕ್ಕೆ ಹೊರಟರು ಅಂದುಕೊಳ್ಳಿ. ಬಂದ ದಿನ, ಹೋದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಒಟ್ಟು 60 ದಿನ. ಮತ್ತೆ ಆಗಸ್ಟ್ 10ಕ್ಕೆ ಬಂದರೆ ಅಂದಿನಿಂದ 180 ದಿನ ಹಿಂದಕ್ಕೆ ಎಣಿಸಬೇಕು. ಆ 60 ದಿನ ಪೂರ್ತಿ ಅದರೊಳಗೇ ಬೀಳುತ್ತದೆ. ಉಳಿಯುವುದು 30 ದಿನ. ಅಂದರೆ ಸೆಪ್ಟೆಂಬರ್ 8ರೊಳಗೆ ಹೊರಡಲೇಬೇಕು. 'ಹೊಸದಾಗಿ ಬಂದಿದ್ದೇವೆ, ಮತ್ತೆ 90 ಸಿಗುತ್ತೆ ಅಲ್ವಾ' ಎಂದು ಕೇಳುತ್ತಾರೆ. ಸಿಗುವುದಿಲ್ಲ. ಸರ್ಬಿಯಾದಲ್ಲೋ ಬೋಸ್ನಿಯಾದಲ್ಲೋ ಕಳೆದ ದಿನಗಳು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ.

ಮುಂಚೆ ಪಾಸ್‌ಪೋರ್ಟ್‌ನ ಮೊಹರು ನೋಡಿ ಎಣಿಸಬಹುದಿತ್ತು. 2025ರ ಅಕ್ಟೋಬರ್ 12ರಿಂದ ಇಇಎಸ್ ಎಂಬ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆ ಹಂತ ಹಂತವಾಗಿ ಶುರುವಾಯಿತು. ಮೊಹರಿನ ಜಾಗಕ್ಕೆ ಕಂಪ್ಯೂಟರ್ ದಾಖಲೆ ಬರುತ್ತದೆ. ಷೆಂಗೆನ್‌ನ ಹೊರಗಡಿಯಲ್ಲಿ ಮುಖದ ಫೋಟೊ ತೆಗೆಯುತ್ತಾರೆ. ವೀಸಾದಲ್ಲಿ ಬಂದವರ ಬೆರಳಚ್ಚು ಅರ್ಜಿ ಹಾಕುವಾಗಲೇ ಕೊಟ್ಟಿರುತ್ತದೆ. ಗಡಿಯಲ್ಲಿ ಅದನ್ನು ಹೋಲಿಸಿ ನೋಡುತ್ತಾರೆ. ಜರ್ಮನಿಯಂಥ ದೇಶದ ವಾಸದ ಪರವಾನಗಿ ಇದ್ದವರಿಗೆ ಈ ನೋಂದಣಿ ಇಲ್ಲ. ಹಾಗಾಗಿ ಒಂದೇ ಕಾರಿನಲ್ಲಿ ಮಗನಿಗೆ ಒಂದು ನಿಯಮ, ಅಪ್ಪನಿಗೆ ಇನ್ನೊಂದು. ವಯಸ್ಸಾದವರಿಗೆ ಇದನ್ನು ಹಿಂದಿನ ದಿನವೇ ತಿಳಿಸಿ ಹೇಳಿ. ಕಾರಿನಿಂದ ಇಳಿಯಬೇಕಾಗಿ ಬಂದರೆ ಗಾಬರಿಯಾಗುವುದಿಲ್ಲ.

ಇದಕ್ಕೆ 'ಟ್ರಾವೆಲ್ ಟು ಯೂರೋಪ್' ಎಂಬ ಅಧಿಕೃತ ಆ್ಯಪ್ ಇದೆ. ಪಾಸ್‌ಪೋರ್ಟ್ ವಿವರ ಮತ್ತು ಫೋಟೊವನ್ನು 72 ಗಂಟೆ ಮುಂಚಿನಿಂದ ಅದರಲ್ಲಿ ತುಂಬಿಸಬಹುದು. ಆದರೆ ಆಯಾ ದೇಶ ಅದನ್ನು ಒಪ್ಪಿಕೊಂಡಿರಬೇಕು. ಮೊದಲು ಒಪ್ಪಿಕೊಂಡದ್ದು ಸ್ವೀಡನ್. ನೀವು ಹೋಗುವ ಗಡಿ ಆ್ಯಪ್‌ನ ಪಟ್ಟಿಯಲ್ಲಿ ಇಲ್ಲದಿದ್ದರೆ ಅದರ ಹಿಂದೆ ಸಮಯ ಹಾಕಬೇಡಿ. ಈ ನೋಂದಣಿಗೆ ಶುಲ್ಕವೇ ಇಲ್ಲ. ದುಡ್ಡು ಕೇಳುವ ಆ್ಯಪ್ ಅಥವಾ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಎಟಿಯಾಸ್ ಎಂಬ ಮುಂಗಡ ಪ್ರಯಾಣ ಅನುಮತಿಯ ಹೆಸರೂ ಕೇಳಿರುತ್ತೀರಿ. ಅದು ವೀಸಾ ಬೇಡದ ದೇಶಗಳ ಪಾಸ್‌ಪೋರ್ಟ್‌ನವರಿಗೆ, ಅಂದರೆ ಬ್ರಿಟನ್ ಅಥವಾ ಅಮೆರಿಕದ ಪೌರತ್ವ ಪಡೆದ ನಮ್ಮವರಿಗೆ. ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕೇ ಬೇಕು, ಎಟಿಯಾಸ್ ಬೇಡ.

ಹೆಜ್ಜೆ 3: ಚೆಕ್‌ಪೋಸ್ಟ್ ಆರಿಸಿ

ಈಗ ದಾರಿ. ಗೂಗಲ್ ಮ್ಯಾಪ್ಸ್ ಕೊಡುವುದು ಒಂದು ಹೆದ್ದಾರಿ, ಒಂದು ಚೆಕ್‌ಪೋಸ್ಟ್. ಕ್ರೊಯೇಷಿಯಾದಿಂದ ಸರ್ಬಿಯಾಕ್ಕೆ ಅದು ಬಯಾಕೊವೊ–ಬತ್ರೊವ್ಸಿ. ಜಗತ್ತೆಲ್ಲ ಅಲ್ಲಿಗೇ ಬರುತ್ತದೆ. ಉತ್ತರಕ್ಕೆ ಸರಿದರೆ ತೊವಾರ್ನಿಕ್–ಶಿದ್ ಇದೆ. ಇನ್ನೂ ಮೇಲೆ ಡ್ಯಾನ್ಯೂಬ್ ನದಿಯ ಸೇತುವೆ ಮೇಲೆ ಇಲೊಕ್–ಬಾಚ್ಕಾ ಪಲಾಂಕಾ ಇದೆ. ಹಂಗೇರಿ ಕಡೆಯಿಂದ ಬರುವವರಿಗೆ ರೋಸ್ಕೆ ದೊಡ್ಡದು, ಟೊಂಪಾ ಅದಕ್ಕಿಂತ ಚಿಕ್ಕದು. ಬಲ್ಗೇರಿಯಾದಿಂದ ಟರ್ಕಿಗೆ ಹೋಗುವ ಕಪಿಟಾನ್ ಆಂಡ್ರೀವೊ ಯುರೋಪಿನ ಅತಿ ಹೆಚ್ಚು ದಟ್ಟಣೆಯ ರಸ್ತೆ ಗಡಿಗಳಲ್ಲಿ ಒಂದು. ಅದಕ್ಕೆ ಬದಲಿಯಾಗಿ ಲೆಸೊವೊ ಇದೆ.

ನಿಮ್ಮ ದಾರಿಗೆ ಮೊದಲ ಆಯ್ಕೆ ಒಂದು, ಬದಲಿ ಒಂದು ಎಂದು ಎರಡು ಪಿನ್ ಹಾಕಿಕೊಳ್ಳಿ. ಹೆದ್ದಾರಿ ಬಿಟ್ಟು ಬದಲಿಯ ಕಡೆ ತಿರುಗಬೇಕಾದ ಕೊನೆಯ ತಿರುವಿಗೆ ಮೂರನೆಯ ಪಿನ್ ಹಾಕಿ. ಇದನ್ನು ಯಾವ ಆ್ಯಪ್ ಕೂಡ ಹೇಳಿಕೊಡುವುದಿಲ್ಲ. ಸಾಲು ಕಣ್ಣಿಗೆ ಬೀಳುವಷ್ಟರಲ್ಲಿ ಆ ತಿರುವು ದಾಟಿಹೋಗಿರುತ್ತದೆ. ಮೂರನೆಯ ಪಿನ್‌ಗೆ ಅರ್ಧ ಗಂಟೆ ಮುಂಚೆ ಒಂದು ಪೆಟ್ರೋಲ್ ಬಂಕ್‌ನಲ್ಲಿ ನಿಂತು ಸಾಲು ನೋಡಿ ತೀರ್ಮಾನ ಮಾಡಿ.

ಒಂದು ಎಚ್ಚರಿಕೆ. ಎಲ್ಲ ಚಿಕ್ಕ ಚೆಕ್‌ಪೋಸ್ಟ್‌ಗಳೂ ನಮಗಲ್ಲ. ಕ್ರೊಯೇಷಿಯಾ–ಬೋಸ್ನಿಯಾ ನಡುವೆ ಅಕ್ಕಪಕ್ಕದ ಊರಿನವರಿಗಷ್ಟೇ ಮೀಸಲಾದ ದಾರಿಗಳಿವೆ. ಕೆಲವು ರಾತ್ರಿ ಮುಚ್ಚುತ್ತವೆ. ಆರಿಸಿದ್ದು ಅಂತರರಾಷ್ಟ್ರೀಯ ಚೆಕ್‌ಪೋಸ್ಟ್ ಹೌದೇ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಆ ದೇಶದ ಗಡಿ ಪೊಲೀಸರ ಪುಟದಲ್ಲಿ ನೋಡಿಯೇ ಹೊರಡಿ. ಕೊಸೊವೊಗೆ ಅಲ್ಬೇನಿಯಾ ಅಥವಾ ಉತ್ತರ ಮ್ಯಾಸಿಡೋನಿಯಾ ಕಡೆಯಿಂದ ಹೋದವರು ಅಲ್ಲಿಂದ ನೇರ ಸರ್ಬಿಯಾಕ್ಕೆ ದಾಟಲು ಹೋಗಬೇಡಿ. ಕೊಸೊವೊವನ್ನು ತನ್ನ ಭಾಗವೆಂದೇ ಎಣಿಸುವ ಸರ್ಬಿಯಾ, ತನ್ನ ಪ್ರವೇಶ ಮೊಹರು ಇಲ್ಲ ಎಂದು ವಾಪಸ್ ಕಳಿಸಬಹುದು.

ಹೆಜ್ಜೆ 4: ಸಾಲು ಎಷ್ಟಿದೆ, ಎಲ್ಲಿ ನೋಡುವುದು?

ಕ್ರೊಯೇಷಿಯಾಕ್ಕೆ ಅಲ್ಲಿನ ಆಟೋ ಕ್ಲಬ್‌ನ 'ಹಾಕ್' ಆ್ಯಪ್ ಚೆನ್ನಾಗಿದೆ. ರಸ್ತೆ ಸುದ್ದಿ, ಗಡಿಯ ಕ್ಯಾಮೆರಾ ಚಿತ್ರ ಎರಡೂ ಸಿಗುತ್ತವೆ. ಸರ್ಬಿಯಾದ ಆಟೋ ಕ್ಲಬ್ ಆಮ್ಸ್‌ನ ವೆಬ್‌ಸೈಟ್, ಬೋಸ್ನಿಯಾದ ಬಿಹಾಮ್ಕ್ ಕೂಡ ಇದೇ ಥರದವು. ಹಂಗೇರಿಯಲ್ಲಿ ಪೊಲೀಸರ ವೆಬ್‌ಸೈಟೇ ಪ್ರತಿ ಚೆಕ್‌ಪೋಸ್ಟ್‌ನ ಕಾಯುವ ಸಮಯ ಕೊಡುತ್ತದೆ. ಪೋಲೆಂಡ್‌ನ ಪೂರ್ವ ಗಡಿಗೂ ಸರ್ಕಾರದ್ದೇ ಪುಟ ಇದೆ. ಭಾಷೆ ಬಾರದಿದ್ದರೆ ಬ್ರೌಸರ್‌ನಲ್ಲಿ ಅನುವಾದ ಒತ್ತಿ. ಅಂಕಿ ಓದಲು ಅಷ್ಟು ಸಾಕು.

ನಾನು ಹೆಚ್ಚು ನಂಬುವುದು ಕ್ಯಾಮೆರಾವನ್ನು. 'ಕಾಯುವ ಸಮಯ 30 ನಿಮಿಷ' ಎಂದು ಯಾರೋ ಬರೆದದ್ದು ಎರಡು ಗಂಟೆ ಹಳೆಯದಿರಬಹುದು. ಚಿತ್ರದ ಮೂಲೆಯಲ್ಲಿ ಗಂಟೆ ಇದ್ದರೆ ಮೊದಲು ಅದನ್ನು ನೋಡಿ. ಆಮೇಲೆ ಸಾಲು ಚೆಕ್‌ಪೋಸ್ಟ್‌ನ ಚಾವಣಿಯಿಂದ ಎಷ್ಟು ಹಿಂದಕ್ಕೆ ಹೋಗಿದೆ, ಎಷ್ಟು ಕೌಂಟರ್ ತೆರೆದಿವೆ ಎಂದು ನೋಡಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಅದೇ ಕೆಂಪು ವ್ಯಾನ್ ಅಲ್ಲೇ ನಿಂತಿದ್ದರೆ ಬದಲಿ ದಾರಿ ಹಿಡಿಯಿರಿ. ಗೂಗಲ್ ಮ್ಯಾಪ್ಸ್, ವೇಜ್‌ನ ಕೆಂಪು ಬಣ್ಣ ರಸ್ತೆಯಲ್ಲಿರುವ ಫೋನುಗಳ ವೇಗದ ಲೆಕ್ಕ. ಲಾರಿ ಸಾಲು ಪಕ್ಕದಲ್ಲೇ ಇದ್ದರೆ ಎರಡೂ ಬೆರೆತು ತಪ್ಪು ಅಂದಾಜು ಬರಬಹುದು. ಕ್ಯಾಮೆರಾದಲ್ಲಿ ಲಾರಿ ಯಾವುದು, ಕಾರು ಯಾವುದು ಎಂದು ಕಣ್ಣಿಗೇ ಕಾಣುತ್ತದೆ.

ದಿನ ಆರಿಸುವ ಅವಕಾಶ ಇದ್ದರೆ ಅದು ಎಲ್ಲ ಆ್ಯಪ್‌ಗಿಂತ ದೊಡ್ಡದು. ಜುಲೈ, ಆಗಸ್ಟ್‌ನ ಶನಿವಾರ ಬೇಡವೇ ಬೇಡ. ಜರ್ಮನಿ, ಆಸ್ಟ್ರಿಯಾದಲ್ಲಿ ದುಡಿಯುವ ಬಾಲ್ಕನ್ ಮತ್ತು ಟರ್ಕಿ ಮೂಲದ ಕುಟುಂಬಗಳು ರಜೆಗೆ ಊರಿಗೆ ಹೋಗುವ ಹೊತ್ತು ಅದು. ನಮ್ಮಲ್ಲಿ ದೀಪಾವಳಿಗೆ ಬೆಂಗಳೂರು ಖಾಲಿಯಾಗುವ ಹಾಗೆ. ಕ್ರಿಸ್‌ಮಸ್ ಮುಂದಿನ, ಹಿಂದಿನ ವಾರಾಂತ್ಯವೂ ಹಾಗೆಯೇ. ಮಂಗಳವಾರವೋ ಬುಧವಾರವೋ ನಸುಕಿನಲ್ಲಿ ಗಡಿ ಮುಟ್ಟುವ ಹಾಗೆ ಹೊರಡಿ.

ವಾಪಸ್ ಬರುವ ದಾರಿಗೂ ಇಷ್ಟೇ ಸಮಯ ಇಟ್ಟುಕೊಳ್ಳಿ. ಷೆಂಗೆನ್ ಒಳಗಿನ ಗಡಿಗಳಲ್ಲೂ ಕೆಲವೊಮ್ಮೆ ತಾತ್ಕಾಲಿಕ ತಪಾಸಣೆ ಇರುತ್ತದೆ. ಅದನ್ನು ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳುವ ದೇಶ ಮಾಡುತ್ತದೆ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ರಸ್ತೆ ಗಡಿಗಳಿಗೂ ಇದನ್ನು ತಂದು, ಮತ್ತೆ ಮತ್ತೆ ಮುಂದುವರಿಸಿತು. ಹೋಗುವಾಗ ಸಲೀಸಾಗಿದ್ದ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಹತ್ತಿರ ಬರುವಾಗ ಸಾಲು ಇರಬಹುದು. ಪಾಸ್‌ಪೋರ್ಟ್ ಡಿಕ್ಕಿಯ ಸೂಟ್‌ಕೇಸ್‌ನಲ್ಲಿ ಇಡಬೇಡಿ.

ಹೆಜ್ಜೆ 5: ಹಿಂದಿನ ರಾತ್ರಿ

ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕ, ಕಾರಿನ ನಂಬರ್ ಕೊಟ್ಟು ಆನ್‌ಲೈನ್‌ನಲ್ಲೇ ಕೊಳ್ಳಿ. ಆಸ್ಟ್ರಿಯಾಕ್ಕೆ ಆಸ್‌ಫಿನಾಗ್, ಸ್ಲೊವೇನಿಯಾಕ್ಕೆ ಡಾರ್ಸ್ ಎಂಬ ಹೆದ್ದಾರಿ ಸಂಸ್ಥೆಗಳ ವೆಬ್‌ಸೈಟ್. ಆಸ್ಟ್ರಿಯಾದ ಟೌವರ್ನ್ ಹೆದ್ದಾರಿಗೆ, ಸ್ಲೊವೇನಿಯಾಕ್ಕೆ ದಾಟುವ ಕರವಾಂಕೆನ್ ಸುರಂಗಕ್ಕೆ ವಿನ್ಯೆಟ್ ಸಾಲದು, ಬೇರೆ ಶುಲ್ಕ ಇದೆ. ಅದನ್ನೂ ಮೊದಲೇ ಕೊಂಡರೆ ಟೋಲ್‌ನಲ್ಲಿ ಕಾರ್ಡ್ ಹುಡುಕುವ ಕೆಲಸ ಇಲ್ಲ.

ಮ್ಯಾಪ್‌ನ ಆಫ್‌ಲೈನ್ ಭಾಗ ಇಳಿಸಿಕೊಳ್ಳಿ. 2017ರಿಂದ ಯೂನಿಯನ್ ದೇಶಗಳ ನಡುವೆ ರೋಮಿಂಗ್‌ಗೆ ಹೆಚ್ಚುವರಿ ಹಣ ಇಲ್ಲ. ಸರ್ಬಿಯಾ, ಬೋಸ್ನಿಯಾ, ಸ್ವಿಟ್ಜರ್ಲೆಂಡ್ ಆ ನಿಯಮಕ್ಕೆ ಸೇರಿಲ್ಲ. ಗಡಿಯ ಹತ್ತಿರ ಫೋನ್ ತಾನಾಗಿಯೇ ಆಚೆಯ ಟವರ್ ಹಿಡಿದುಬಿಡುತ್ತದೆ. ಸಾಲು ನೋಡಿ ಮುಗಿದ ಕೂಡಲೇ ಡೇಟಾ ರೋಮಿಂಗ್ ಆಫ್ ಮಾಡಿ.

ಕಾಗದಗಳನ್ನು ಕಾಗದದಲ್ಲೇ ಒಯ್ಯಿರಿ. ನಮಗೆ ಡಿಜಿಲಾಕರ್ ತೋರಿಸಿ ಅಭ್ಯಾಸ. ಅಲ್ಲಿ ಪಾಸ್‌ಪೋರ್ಟ್, ವಾಸದ ಪರವಾನಗಿ, ಕಾರಿನ ನೋಂದಣಿ ಪತ್ರ ಮೂಲಪ್ರತಿಯೇ ಬೇಕು. ಊರಿನ ಲೈಸೆನ್ಸ್‌ನಲ್ಲಿ ಓಡಿಸುವುದಾದರೆ ಹೊರಡುವ ಮೊದಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಬಾಡಿಗೆ ಕಾರಾದರೆ ಯಾವ ಯಾವ ದೇಶಕ್ಕೆ ಒಯ್ಯಬಹುದು ಎಂದು ಬರೆಸಿಕೊಳ್ಳಿ. ಹೊರದೇಶದಲ್ಲೂ ಕಾರಿಗೆ ವಿಮೆ ಇದೆ ಎಂದು ತೋರಿಸುವ ಗ್ರೀನ್ ಕಾರ್ಡ್ ಬಗ್ಗೆಯೂ ಕೇಳಿ. ಕೊಸೊವೊ ಆ ವ್ಯವಸ್ಥೆಯಲ್ಲೇ ಇಲ್ಲ, ಗಡಿಯಲ್ಲಿ ಬೇರೆ ವಿಮೆ ಕೊಳ್ಳಬೇಕು.

ತಿಂಡಿ ಡಬ್ಬಿಯನ್ನೂ ನೋಡಿ. ಹೊರಗಿನಿಂದ ಯೂನಿಯನ್ ಒಳಗೆ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ತುಪ್ಪ, ಧಾರವಾಡ ಪೇಡ ಬಂದರೆ ಕಸಕ್ಕೆ ಹೋಗಬಹುದು. ಅದಕ್ಕಿಂತ ಬೇಸರ ಬೇರೆ ಇಲ್ಲ. 10,000 ಯೂರೊ ಅಥವಾ ಹೆಚ್ಚು ನಗದು ಇದ್ದರೆ ಘೋಷಿಸಬೇಕು. ಜರ್ಮನಿಯ ಕಸ್ಟಮ್ಸ್ ಇಲಾಖೆಯ 'ತ್ಸೋಲ್ ಉಂಟ್ ರೈಸೆ' ಆ್ಯಪ್‌ನಲ್ಲಿ ಏನು ತರಬಹುದು ಎಂದು ನೋಡಬಹುದು. ಸ್ವಿಟ್ಜರ್ಲೆಂಡ್‌ಗೆ 'ಕ್ವಿಕ್‌ತ್ಸೋಲ್' ಇದೆ.

ಹೆಜ್ಜೆ 6: ಕಿಟಕಿಯ ಮುಂದೆ

ಮೂರು ಕಾರು ಮುಂದಿರುವಾಗ ಫೋನ್ ಒಳಗಿಡಿ. ಗಡಿಯ ಫೋಟೊ, ವಿಡಿಯೊ ತೆಗೆಯಬೇಡಿ. ಹಲವು ಕಡೆ ಅದಕ್ಕೆ ಅನುಮತಿ ಇಲ್ಲ. ಪಾಸ್‌ಪೋರ್ಟ್‌ಗಳ ಕವರ್ ತೆಗೆದು ಒಟ್ಟಿಗೆ ಕೊಡಿ. ಹಿಂದಿನ ಕಿಟಕಿಗಳನ್ನೂ ಇಳಿಸಿ, ಮುಖ ಕಾಣಲಿ.

ದಾಟಿದ ಮೇಲೆ ಪಾಸ್‌ಪೋರ್ಟ್ ವಾಪಸ್ ಎಣಿಸಿಕೊಳ್ಳಿ. ಷೆಂಗೆನ್ ಬಿಟ್ಟ ದಿನ, ಗಂಟೆ, ಚೆಕ್‌ಪೋಸ್ಟ್ ಹೆಸರನ್ನು ಮೊದಲು ಮಾಡಿದ್ದ ನೋಟ್‌ನಲ್ಲೇ ಬರೆಯಿರಿ. ಸರ್ಬಿಯಾದಲ್ಲಿ ಇನ್ನೊಂದು ಕೆಲಸ ಉಳಿದಿರುತ್ತದೆ. ವಿದೇಶಿಯರ ವಾಸವನ್ನು 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಾಯಿಸಬೇಕು. ಹೋಟೆಲ್‌ನವರು ತಾವೇ ಮಾಡುತ್ತಾರೆ. ಗೆಳೆಯರ ಮನೆಯಲ್ಲಿ ಉಳಿದರೆ ಮನೆಯವರು ಮಾಡಿಸಬೇಕು. ಊಟಕ್ಕೆ ಕೂರುವ ಮೊದಲೇ ಅವರಿಗೆ ನೆನಪಿಸಿ.