ಸೇವೆ ಕಂಪನಿಯದು, ರಜೆ ನಮ್ಮದು

ಹೊಸಪೇಟೆ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ. ಹಂಪಿ ನೋಡಲು ಬರುವವರೇ ನಮ್ಮ ಗೆಸ್ಟ್‌ಗಳು. ಒಂದು ವರ್ಷ ಮ್ಯಾನೇಜ್‌ಮೆಂಟ್‌ನವರು ಸಮಾಜಸೇವೆ ಜೋರಾಗಿ ಶುರು ಮಾಡಿದರು. ತುಂಗಭದ್ರೆಯ ದಂಡೆಯಲ್ಲಿ ಕಸ ಆರಿಸುವುದು, ಸರ್ಕಾರಿ ಶಾಲೆಗೆ ಬಣ್ಣ, ರೂಮಿನಲ್ಲಿ ಪ್ಲಾಸ್ಟಿಕ್ ಬದಲು ಗಾಜಿನ ನೀರಿನ ಬಾಟಲಿ.

ಕೇಳೋಕೆ ಚೆಂದ, ಅಲ್ವಾ? ಹೊತ್ತವರನ್ನು ಕೇಳಬೇಕು. ಒಬ್ಬರಿಗೆ ದಿನಕ್ಕೆ 14 ರೂಮು. ರೂಮಿಗೆ ಎರಡರಂತೆ 28 ಬಾಟಲಿ. ಪ್ಲಾಸ್ಟಿಕ್ಕಿನದು ಖಾಲಿಯಾದರೆ ಹಿಚುಕಿ ಚೀಲಕ್ಕೆ ಹಾಕಿದರೆ ಮುಗೀತು. ಗಾಜಿನದು ಖಾಲಿಯಾದರೂ ಅರ್ಧ ಕೆಜಿ ತೂಗುತ್ತದೆ. ಟ್ರಾಲಿ ಮೇಲೆ ಬರೀ ಗಾಜೇ 14 ಕೆಜಿ. ವಾಪಸ್ ತರಬೇಕು, ತೊಳೆಯಬೇಕು, ಕಲೆ ಉಳಿಯದಂತೆ ಒರೆಸಬೇಕು.

ಕಸ ಆರಿಸುವ ದಿನ ಬಂದದ್ದು ಹುಡುಗರ ವಾರದ ರಜೆಯಂದು. ಎಲ್ಲರಿಗೂ ಹಸಿರು ಟೀ ಶರ್ಟು, ಕೊನೆಗೊಂದು ಗ್ರೂಪ್ ಫೋಟೋ. ಒಬ್ಬ ರೂಮ್ ಬಾಯ್ ಕೇಳಿದ, "ಅಕ್ಕಾ, ಸೇವೆ ಕಂಪನೀದು, ರಜಾ ನಮ್ದು. ಇದ್ಯಾವ ಲೆಕ್ಕ ರೀ?" ನಾನು ಸುಮ್ನೆ ಟೀ ಕುಡಿದೆ.

2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜಕ್ಕೆ ಖರ್ಚು ಮಾಡಬೇಕು. ಆ ದುಡ್ಡನ್ನು ತಮ್ಮದೇ ನೌಕರರ ಸವಲತ್ತಿಗೆ ಹಾಕುವಂತಿಲ್ಲ. ನಿಯಮ ಸರಿಯೇ, ಇಲ್ಲದಿದ್ದರೆ ಯೂನಿಫಾರ್ಮ್ ಹೊಲಿಸಿದ್ದನ್ನೂ ಸೇವೆ ಅಂತ ತೋರಿಸುತ್ತಿದ್ದರು. ಆದರೆ ರಜೆ ಕಿತ್ತುಕೊಳ್ಳಿ ಅಂತ ಕಾಯ್ದೆ ಹೇಳಿಲ್ಲವಲ್ಲ!

ನಾನು ಮಾಡಿದ್ದು ಇಷ್ಟೇ. ಕಸ ಆರಿಸುವ ದಿನವನ್ನು ರೋಸ್ಟರ್‌ನಲ್ಲಿ ಡ್ಯೂಟಿ ಅಂತಲೇ ಬರೆದೆ. ಮೇಲಿನವರು ಗೊಣಗಿದರು, ಆಮೇಲೆ ಸಹಿ ಹಾಕಿದರು. ಗಾಜಿನ ಬಾಟಲಿಯ ಹೊರೆಗೆ ಒಬ್ಬರಿಗೆ 14ರ ಬದಲು 12 ರೂಮು ಕೊಡಿ ಅಂತ ಕೇಳಿದ್ದೆ, ಚೌಕಾಸಿಯಲ್ಲಿ 13ಕ್ಕೆ ನಿಂತಿತು.

ಶಾಲೆಯ ವಿಷಯದಲ್ಲಿ ಮಾತ್ರ ನಿಜವಾಗಿ ಗೆದ್ದೆವು. ಬೆಳಗಿನ ಬ್ರೀಫಿಂಗ್‌ನಲ್ಲಿ "ಶಾಲೆಗೆ ಏನು ಬೇಕು?" ಅಂತ ಕೇಳಿದೆ. ಮಗಳು ಅಲ್ಲೇ ಓದುತ್ತಿದ್ದ ಒಬ್ಬಾಕೆ ಹೇಳಿದಳು, "ಬಣ್ಣ ಯಾಕ್ರೀ? ಹೆಣ್ಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ನಲ್ಲಿಗೆ ನೀರಿಲ್ಲ." ಎರಡು ತಿಂಗಳಲ್ಲಿ ಎರಡೂ ಆದವು.

ಮೊದಲು ಗೆಸ್ಟ್‌ಗಳು ಶಾಲೆ ಬಗ್ಗೆ ಕೇಳಿದರೆ ಅವಳು "ಮೇಡಂನ ಕೇಳ್ರಿ" ಅಂತ ನನ್ನತ್ತ ಕೈ ತೋರಿಸುತ್ತಿದ್ದಳು. ಆಮೇಲೆ ಅರೆಬರೆ ಹಿಂದಿಯಲ್ಲಿ, ಚಿಲಕ ಹಾಕುವುದನ್ನು ಕೈಯಲ್ಲೇ ಮಾಡಿ ತೋರಿಸಿ, ತಾನೇ ಹೇಳತೊಡಗಿದಳು. ಬೆಡ್‌ಶೀಟ್ ಬದಲಾಯಿಸುವುದು ಹತ್ತು ನಿಮಿಷ ತಡವಾಗುತ್ತಿತ್ತು. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ.

ಒಡೆದ ಬಾಟಲಿಯ ದುಡ್ಡನ್ನು ಸಂಬಳದಲ್ಲಿ ಹಿಡಿಯುವುದನ್ನು ಮಾತ್ರ ನಾನು ಅಲ್ಲಿರುವ ತನಕ ನಿಲ್ಲಿಸಲು ಆಗಲಿಲ್ಲ.