ಆಯಿಲ್ ಇಳಿಯಲಿಲ್ಲ, ಏರಿತು: ನನ್ನ ಅನುಭವ

ನನ್ನ ಡೀಸೆಲ್ ಗಾಡಿಯ ಎಂಜಿನ್ ಆಯಿಲ್ ತಾನಾಗಿಯೇ ಏರುತ್ತಿದೆ ಎಂದಾಗ ಬೆಳಗಾವಿಯಲ್ಲಿ ಒಬ್ಬರೂ ನಂಬಲಿಲ್ಲ. ಉದ್ಯಮಬಾಗದ ರಿಪೇರಿ ಶೆಡ್ಡಿನ ಕಾಕಾ ನಕ್ಕೇಬಿಟ್ಟರು. "ಸಾಹೇಬ್ರ, ಎಂಜಿನ್ ಎಣ್ಣಿ ಕುಡಿಯೂದು ನೋಡೇನಿ, ಸೋರೂದು ನೋಡೇನಿ. ಹಡಿಯೂದು ಎಲ್ಲೂ ನೋಡಿಲ್ಲ." ಸರ್ವೀಸ್ ಸೆಂಟರಿನ ಹುಡುಗನದು ಇನ್ನೊಂದು ಮಾತು. "ಏರಿದ್ರ ಛಲೋನ ಅಲ್ರೀ ಸರ್, ಟಾಪಪ್ ರೊಕ್ಕ ಉಳೀತು." ಈಗ ಲ್ಯಾಬಿನ ರಿಪೋರ್ಟ್ ಬಂದಿದೆ. ಇಬ್ಬರೂ ಸುಮ್ಮನಾಗಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಇಳಿಸಿ ಎಣ್ಣೆ ಎಷ್ಟಿದೆ ನೋಡುವುದು ಎಲ್ಲರಿಗೂ ಗೊತ್ತು. ಅದನ್ನು ಇಲ್ಲಿ ಹೇಳುವುದಿಲ್ಲ. ಬಿಎಸ್ 6 (ಹೊಗೆ ನಿಯಮದ ಹೊಸ ಹಂತ) ಡೀಸೆಲ್ ಇಟ್ಟುಕೊಂಡವರಿಗೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಏನೆಂಬುದೂ ಗೊತ್ತಿರುತ್ತದೆ. ಅದರಲ್ಲಿ ಮಸಿ ತುಂಬಿದರೆ ಸುಡಬೇಕು, ಸುಡಲು 600 ಡಿಗ್ರಿ ಆಸುಪಾಸಿನ ಶಾಖ ಬೇಕು. ಆ ಶಾಖಕ್ಕಾಗಿ ಇಂಜೆಕ್ಟರ್ ತಡವಾಗಿ ಒಂದಿಷ್ಟು ಹೆಚ್ಚಿಗೆ ಡೀಸೆಲ್ ಬಿಡುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆ ಹಿಡಿದು ಕೆಳಗೆ ಎಣ್ಣೆ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಹೈವೇಯಲ್ಲಿ ಓಡುವ ಗಾಡಿಗೆ ಇದು ಲೆಕ್ಕಕ್ಕಿಲ್ಲ. ನನ್ನ ಗಾಡಿ ಟಿಳಕವಾಡಿಯಿಂದ ಉದ್ಯಮಬಾಗಕ್ಕೆ ಮೂರ್ನಾಲ್ಕು ಕಿಲೋಮೀಟರ್ ಹೋಗುತ್ತದೆ, ಬರುತ್ತದೆ. ಸಂಜೆ ಒಂದು ಸಲ ಖಡೇಬಜಾರ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಆಫ್. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ನಾಳೆ ಮತ್ತೆ ಮೊದಲಿನಿಂದ. ಪ್ರತಿ ಸಲವೂ ಒಂದಿಷ್ಟು ಡೀಸೆಲ್ ಕೆಳಗೆ.

ಮಿನ್, ಮ್ಯಾಕ್ಸ್ ಗೆರೆ ನಂಬಿ ಕೂತರೆ ಇದು ಕಾಣುವುದೇ ಇಲ್ಲ. ಎರಡರ ನಡುವೆ ಇದ್ದರೆ ಎಲ್ಲರೂ ಓಕೆ ಅಂತಾರೆ. ನಾನು ಗೆರೆ ಬಿಟ್ಟು ಮಿಲಿಮೀಟರ್ ಹಿಡಿದೆ. ಆರು ಇಂಚಿನ ಸ್ಟೀಲ್ ಸ್ಕೇಲ್, ಡಿಪ್‌ಸ್ಟಿಕ್ಕಿನ ತುದಿಯಿಂದ ಎಣ್ಣೆಯ ಅಂಚಿಗೆ ಎಷ್ಟು ಅಂತ. ಎರಡೂ ಬದಿ ನೋಡಬೇಕು, ಕಡಿಮೆ ಇರುವ ಬದಿಯೇ ಖರೆ. ಮಿಲಿಮೀಟರಿಗೆ ಎಷ್ಟು ಎಣ್ಣೆ ಅನ್ನುವುದು ಆಯಿಲ್ ಬದಲಿಸಿದ ದಿನ ಸಿಕ್ಕಿತು. ಮಿನ್ ದಾಟುವವರೆಗೆ ಹಾಕಿ, ಫಿಲ್ಟರ್ ತುಂಬಲಿ ಎಂದು ಎರಡು ನಿಮಿಷ ಚಾಲೂ ಮಾಡಿ ನಿಲ್ಲಿಸಿದೆ. ಆಮೇಲೆ 200 ಮಿಲಿಯಂತೆ ಸುರಿಯುತ್ತಾ, ಪ್ರತಿ ಸಲ ಹತ್ತು ನಿಮಿಷ ಕಾದು ಅಳೆದೆ. ಕಾಕಾನ ಹುಡುಗರಿಗೆ ಅವತ್ತು ನನ್ನ ಮೇಲೆ ಭಾರೀ ಸಿಟ್ಟು. ನನ್ನ ಗಾಡಿಯಲ್ಲಿ ಒಂದು ಮಿಲಿಮೀಟರ್ ಎಂದರೆ ಹತ್ತಿರ ಹತ್ತಿರ 50 ಮಿಲಿ. ನಿಮ್ಮದರಲ್ಲಿ ಬೇರೆ ಇರುತ್ತದೆ.

ಮೊದಲ ತಿಂಗಳ ಲೆಕ್ಕ ಎಲ್ಲಾ ಕಸದ ಬುಟ್ಟಿಗೆ ಹೋಯಿತು. ಒಂದು ದಿನ ಎರಡು ಮಿಲಿಮೀಟರ್ ಮೇಲೆ, ಮರುದಿನ ಮೂರು ಕೆಳಗೆ. ಕಾರಣ ಶಾಖ. ಎಣ್ಣೆ ಪ್ರತಿ ಡಿಗ್ರಿಗೆ ಸುಮಾರು 0.07% ಹಿಗ್ಗುತ್ತದೆ. ಆರು ಲೀಟರ್ ಎಣ್ಣೆ 60 ಡಿಗ್ರಿ ಹೆಚ್ಚು ಬಿಸಿಯಾದರೆ ಕಾಲು ಲೀಟರ್ ಹಿಗ್ಗಿತು ಅಂತ ಲೆಕ್ಕ. ನಾನು ಹುಡುಕುತ್ತಿದ್ದುದೇ ಅಷ್ಟು! ಇದರ ಜೊತೆ ಮೇಲೆ ಉಳಿದ ಎಣ್ಣೆ ಇಳಿಯುವ ಹೊತ್ತು ಬೇರೆ. ಎಷ್ಟಿದೆ ಎಂದು ನೋಡಲು ಗಾಡಿಯ ಪುಸ್ತಕದಲ್ಲಿ ಹೇಳಿದ ಹಾಗೆಯೇ ಮಾಡಿ. ಏರಿತಾ ಇಳಿಯಿತಾ ಎಂದು ಹೋಲಿಸಲು ಮಾತ್ರ ಬೆಳಗ್ಗೆ ಚಾಲೂ ಮಾಡುವ ಮೊದಲು, ಅದೇ ಫರ್ಶಿಯ ಮೇಲೆ, ಅದೇ ದಿಕ್ಕಿಗೆ ನಿಲ್ಲಿಸಿ ನೋಡಬೇಕು. ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪು ಹಿಡಿದು ನನ್ನ ಅಂಗಳ ನೋಡಿದೆ. ಗೇಟಿನ ಕಡೆ ಇಳಿಜಾರು ಇತ್ತು, ಜಾಗ ಬದಲಿಸಿದೆ.

ಇದಾದ ಮೇಲೆ ಲೆಕ್ಕ ಸರಿಯಾಗಿ ಕೂತಿತು. ಎರಡೂವರೆ ಸಾವಿರ ಕಿಲೋಮೀಟರಿನಲ್ಲಿ ಆರು ಮಿಲಿಮೀಟರ್ ಏರಿಕೆ. 300 ಮಿಲಿ, ಅಂದರೆ ಆರು ಲೀಟರಿನ 5%. ಎಂಜಿನ್ ತಾನೂ ಸ್ವಲ್ಪ ಎಣ್ಣೆ ಸುಟ್ಟಿರುತ್ತದೆ ಅಲ್ವಾ, ಹಾಗಾಗಿ ಬೆರೆತ ಡೀಸೆಲ್ 6% ಇರಬಹುದು ಎಂದು ಬರೆದಿಟ್ಟೆ.

ಕಾಕಾ ಒಪ್ಪಲಿಲ್ಲ. ಬೆರಳಿಗೆ ಎಣ್ಣೆ ಹಚ್ಚಿ ತಿಕ್ಕಿ, "ಕಪ್ಪಾಗೇತಿ ಅಷ್ಟ" ಅಂದರು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವು ನೂರು ಕಿಲೋಮೀಟರಿಗೇ ಕಪ್ಪಾಗುತ್ತದೆ. ಬಣ್ಣದಿಂದ ಏನೂ ಗೊತ್ತಾಗುವುದಿಲ್ಲ. ಹಾಲು ಹಾಕಿದ ಕಾಫಿಯ ಬಣ್ಣ ಬಂದರೆ ಮಾತ್ರ ಗಾಡಿ ನಿಲ್ಲಿಸಿ, ಅದು ಎಣ್ಣೆಗೆ ನೀರು ಸೇರಿದ ಕಥೆ. ಮೂಗಿನಿಂದಲೂ ನೋಡಿದೆ. ಶೆಡ್ಡಿನಲ್ಲಿ ಎಲ್ಲವೂ ಡೀಸೆಲ್ ನಾತವೇ.

ಆಮೇಲೆ ಕಾಗದದ ಕೆಲಸಕ್ಕೆ ಇಳಿದೆ. ಒಂದು ಹನಿ ಎಣ್ಣೆ ಕಾಗದಕ್ಕೆ ಬಿಟ್ಟು ಹೇಗೆ ಹರಡುತ್ತದೆ ಎಂದು ನೋಡುವುದು ಹಳೆಯ ವಿದ್ಯೆ. ಮಸಿ ನಡುವೆ ನಿಲ್ಲುತ್ತದೆ, ಎಣ್ಣೆ ಸುತ್ತ ಹರಡುತ್ತದೆ, ಡೀಸೆಲ್ ಇದ್ದರೆ ಎಲ್ಲಕ್ಕಿಂತ ಹೊರಗೆ ತೆಳ್ಳಗೆ ಒಂದು ಉಂಗುರ ಓಡುತ್ತದೆ. ನ್ಯೂಸ್ ಪೇಪರ್ ಮೇಲೆ ಹಾಕಿದೆ, ಬರೀ ಕಲೆ. ಟಿಶ್ಯೂ ಒಂದೇ ನಿಮಿಷದಲ್ಲಿ ಕುಡಿದುಬಿಟ್ಟಿತು. ಮಗಳ ಡ್ರಾಯಿಂಗ್ ಹಾಳೆಯಲ್ಲಿ ಹರಡಲೇ ಇಲ್ಲ. ಕೊನೆಗೆ ಕಾಲೇಜು ಲ್ಯಾಬಿಗೆ ಮಾಲು ಕೊಡುವ ಅಂಗಡಿಯಲ್ಲಿ ಗುಂಡಗಿನ ಫಿಲ್ಟರ್ ಪೇಪರ್ ಸಿಕ್ಕಿತು. ನೂರು ಹಾಳೆಯ ಡಬ್ಬಿಗೆ ಮುನ್ನೂರೋ ಮುನ್ನೂರೈವತ್ತೋ ಕೊಟ್ಟೆ. ಹಾಳೆ ಮೇಜಿಗೆ ತಾಗಬಾರದು, ಸ್ಟೀಲ್ ಲೋಟದ ಬಾಯಿ ಮೇಲೆ ಇಡಬೇಕು. ನಮ್ಮನೆಯವರ ಆರು ಲೋಟ ಹೀಗೆ ಅಡುಗೆಮನೆಯಿಂದ ಹೋದವು, ವಾಪಸ್ ಸೇರಿಸಲಿಲ್ಲ. ಇಪ್ಪತ್ತನಾಲ್ಕು ಗಂಟೆ ಫ್ಯಾನ್ ಗಾಳಿ ತಾಗದ ಕಡೆ ಬಿಡಬೇಕು. ಹಾಳೆಗೆ ಮೊದಲು ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ, ಉಂಗುರದ ಅಂಚು ಚೊಕ್ಕ ಬರುತ್ತದೆ. ಅದನ್ನು ಹೇಳಲ್ಲ. ಅಷ್ಟಾದರೂ ನನ್ನ ಹತ್ತಿರ ಇರಲಿ!

ಉಂಗುರ ಕಂಡಿತು ಸರಿ, ಎಷ್ಟು ಡೀಸೆಲ್? ಹೋಲಿಸಲು ಮಾದರಿ ಬೇಕಲ್ಲ. ಊರೂರು ತಿರುಗುವ ನನ್ನ ಗೆಳೆಯನ ಗಾಡಿಯೂ ನನ್ನದೇ ಎಂಜಿನ್, ಅದೇ 5ಡಬ್ಲ್ಯೂ-30 ಆಯಿಲ್. ಅವನ ಗಾಡಿಯಿಂದ ತೆಗೆದ ಹಳೆ ಆಯಿಲ್ ಒಂದು ಲೀಟರ್ ಇಸಿದುಕೊಂಡೆ. ಹೈವೇ ಗಾಡಿ, ಡೀಸೆಲ್ ಬೆರೆತಿರುವುದು ಕಡಿಮೆ. ಮೆಡಿಕಲ್ ಶಾಪಿನ ಸಿರಿಂಜು ತಂದು, ನೂರು ಮಿಲಿ ಮಾಡುವಷ್ಟು ಎಣ್ಣೆಯಲ್ಲಿ 2, 5, 10 ಮಿಲಿ ಡೀಸೆಲ್ ಬೆರೆಸಿದ ಮೂರು ಬಾಟಲಿ ಮಾಡಿದೆ. ಬೆರೆಸದ್ದು ಒಂದು. ನಾಲ್ಕರಿಂದಲೂ ಹನಿ ಹಾಕಿ, ಪಕ್ಕದಲ್ಲಿ ನನ್ನದು. ನನ್ನ ಉಂಗುರ ಐದಕ್ಕಿಂತ ಅಗಲ, ಹತ್ತಕ್ಕಿಂತ ಬಹಳ ಕಡಿಮೆ. ಡಿಪ್‌ಸ್ಟಿಕ್ಕಿನ ಲೆಕ್ಕವೂ ಅದೇ ಹೇಳುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ತೂಕ ಮಾಡಿದರೆ ಡೀಸೆಲ್ ಸಿಗಬಹುದಲ್ಲ ಎಂದು ಶಹಾಪುರದ ಚಿನ್ನದ ಅಂಗಡಿಯ ಗೆಳೆಯನ ತಕ್ಕಡಿಗೆ ಹೋದೆ. ಡೀಸೆಲ್ ಲೀಟರಿಗೆ 830 ಗ್ರಾಂ, ಆಯಿಲ್ 850 ಚಿಲ್ಲರೆ. ನೂರು ಮಿಲಿಯಲ್ಲಿ 5% ಬೆರೆತರೆ ವ್ಯತ್ಯಾಸ ಗ್ರಾಮಿನ ಹತ್ತನೇ ಒಂದು ಭಾಗ. ತಕ್ಕಡಿ ಅದನ್ನೂ ತೋರಿಸುತ್ತದೆ, ಆದರೆ ಅಂಗಡಿಯ ಎಸಿ ಗಾಳಿಗೆ ಎಣ್ಣೆ ಸ್ವಲ್ಪ ತಣ್ಣಗಾದರೆ ಅದಕ್ಕಿಂತ ಹೆಚ್ಚು ಬದಲಾಗುತ್ತದೆ. ಬಿಟ್ಟೆ. ಓರೆಯಾಗಿಟ್ಟ ಕನ್ನಡಿ ಮೇಲೆ ಹೊಸ ಆಯಿಲ್, ಹಳೆ ಆಯಿಲ್ ಓಡಿಸುವ ರೇಸ್ ಚೆನ್ನಾಗಿದೆ. ಡೀಸೆಲ್ ಬೆರೆತದ್ದು ಎದ್ದು ಓಡುತ್ತದೆ. ಕಾಕಾನನ್ನು ಮೊದಲ ಸಲ ಬಾಯಿ ಮುಚ್ಚಿಸಿದ್ದು ಇದೇ. ಆದರೆ ಮಸಿ ಜಾಸ್ತಿ ಇದ್ದರೆ ಎಣ್ಣೆ ದಪ್ಪಗಾಗಿ ಡೀಸೆಲ್ ಮುಚ್ಚಿಹೋಗುತ್ತದೆ. ತೋರಿಸಲು ಸರಿ, ಲೆಕ್ಕಕ್ಕೆ ಅಲ್ಲ.

ಕೊನೆಗೆ ಒಂದು ಬಾಟಲಿ ಪುಣೆಯ ಲ್ಯಾಬಿಗೆ ಕೊರಿಯರ್ ಮಾಡಿದೆ. ಎಲ್ಲಾ ಸೇರಿ ಎರಡೂವರೆ ಸಾವಿರದ ಹತ್ತಿರ ಹೋಯಿತು. ಡೀಸೆಲ್ 5%ರ ಮೇಲೆ ಚೂರು ಎಂದು ಬಂತು. ನನ್ನ ಅಂದಾಜು 6, ಲೋಟ ಮತ್ತು ಸ್ಕೇಲ್ ಇಟ್ಟುಕೊಂಡು.

ರೊಕ್ಕದ ಮಾತು. ಲ್ಯಾಬು, ಹಾಳೆ, ಸಿರಿಂಜು, ಸುಳ್ಳೇ ಮಾಡಿಸಿದ ಒಂದು ಫ್ಲಶಿಂಗ್ (ಸರ್ವೀಸ್ ಸೆಂಟರಿನ ಸಲಹೆ, ಉಪಯೋಗ ಸೊನ್ನೆ), ಎಲ್ಲಾ ಕೂಡಿ ಐದು ಸಾವಿರ. ಈಗ ಹತ್ತು ಸಾವಿರ ಕಿಲೋಮೀಟರಿನ ಬದಲು ಐದಕ್ಕೇ ಆಯಿಲ್ ಬದಲಿಸುತ್ತೇನೆ, ಡಿಪಿಎಫ್‌ಗೆ ಆಗುವ ಕಡಿಮೆ ಬೂದಿಯ ಆಯಿಲ್ಲೇ. ಶೆಡ್ಡಿನಲ್ಲಿ ಫಿಲ್ಟರ್ ಸೇರಿ ಮತ್ತೊಂದು ಐದು ಸಾವಿರ ವರ್ಷಕ್ಕೆ ಹೆಚ್ಚು. ತೆಳ್ಳಗಾದ ಎಣ್ಣೆಯಲ್ಲಿ ಓಡಿಸಿ ಟರ್ಬೊ, ಬೇರಿಂಗ್ ಹಾಳು ಮಾಡಿಕೊಂಡರೆ ಬರುವ ಬಿಲ್ ಕೇಳಿ ನೋಡಿ. ಮ್ಯಾಕ್ಸ್ ಮೀರಿ ಬಹಳ ಏರಿದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಎಣ್ಣೆಗೆ ಬಡಿದು ನೊರೆ ಬರುತ್ತದೆ, ಅದು ಇನ್ನೂ ಕೆಟ್ಟದ್ದು.

ಮಸಿ ಪೂರ್ತಿ ಸುಡಲಿ ಎಂದು ವಾರಕ್ಕೊಮ್ಮೆ ಎನ್‌ಎಚ್ 48 ಹಿಡಿದು ಸಂಕೇಶ್ವರದ ಕಡೆಗೋ ಕಿತ್ತೂರಿನ ಕಡೆಗೋ ಹೋಗಿ ಬರುತ್ತೇನೆ. ಸುಮ್ನೆ ತಿರುಗಿದರೆ ಡೀಸೆಲ್ ದುಡ್ಡು ದಂಡ, ಅದಕ್ಕೆ ಮನೆಯ ಏನಾದರೂ ಕೆಲಸ ಹಚ್ಚಿಕೊಳ್ಳುತ್ತೇನೆ. ಏರಿಕೆ ಅರ್ಧಕ್ಕಿಂತ ಕಡಿಮೆಯಾಗಿದೆ. ಆದರೆ ಹೈವೇಯಲ್ಲಿ ಓಡಿಸಿದರೆ ಬೆರೆತ ಡೀಸೆಲ್ ಪೂರ್ತಿ ಆರಿಹೋಗುತ್ತದೆ ಎಂದು ಗೆಳೆಯರು ಹೇಳುವುದು ನಂಬಬೇಡಿ. ಡೀಸೆಲ್ ಕುದಿಯಲು ಶುರುವಾಗುವುದೇ 180 ಡಿಗ್ರಿ ಹತ್ತಿರ, ಬಹಳಷ್ಟು ಭಾಗಕ್ಕೆ ಇನ್ನೂ ಜಾಸ್ತಿ ಬೇಕು. ಚೇಂಬರಿನಲ್ಲಿ ಅಷ್ಟು ಶಾಖ ಎಲ್ಲಿಂದ? ಹೊಸದಾಗಿ ಬೀಳುವುದು ಕಡಿಮೆಯಾಗುತ್ತದೆ, ಅಷ್ಟೇ. ಗಾಡಿ ನಿಂತಾಗ ಎಂಜಿನ್ನಿನ ವೇಗ (ಐಡಲ್) ಸ್ವಲ್ಪ ಏರಿದ್ದರೆ, ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಮಸಿ ಸುಡುತ್ತಿದೆ ಎಂದರ್ಥ. ಆಗ ಆಫ್ ಮಾಡದೆ ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ.

ಕಾಕಾ ಈಗ ಬಿಎಸ್ 6 ಡೀಸೆಲ್ ಬಂದರೆ ನನಗೆ ಫೋನ್ ಹಚ್ಚುತ್ತಾರೆ. ಹಾಳೆ ಕೊಡುತ್ತೇನೆ, ರೊಕ್ಕ ಇಸಿದುಕೊಂಡೇ. ಪೆಟ್ರೋಲ್ ಗಾಡಿಗೂ ಕೇಳಿದ್ದರು. ಪೆಟ್ರೋಲ್ ಹಾಳೆಯ ಮೇಲೇ ಹಾರಿಹೋಗುತ್ತದೆ, ಉಂಗುರ ನಿಲ್ಲುವುದಿಲ್ಲ. ಅದಕ್ಕೆ ಸದ್ಯ ಸ್ಕೇಲ್ ಮತ್ತು ಬೆಳಗಿನ ಡಿಪ್‌ಸ್ಟಿಕ್ ಮಾತ್ರ.